ನಡುಧಾರೆ

ಮೊನ್ನೆಯದು ಲ್ಯಾಬಿನಿಂದ ವಾಪಸು ಬಂತು.
'ಬಗೆಬಗೆಯ ಕ್ರಿಮಿ ಬೆಳೆದಿವೆ, ಏನೂ ಹೇಳಲಾಗದು,
ಮತ್ತೆ ಕಳಿಸಿ' ಅಂತ ತೆಮಿರ್‌ಬೆಕ್‌ನ ಕೋಳಿಕಾಲಿನ ಅಕ್ಷರ.
ತಪ್ಪು ನನ್ನದೇ. ಅಂಟುಚೀಲ ಕಟ್ಟಿಬಿಟ್ಟು
ಬೇರೆ ಮಗುವಿಗೆ ಸೂಜಿ ಚುಚ್ಚಲು ಹೋಗಿದ್ದೆ,
ಚರ್ಮದ ಮೇಲಿದ್ದದ್ದೆಲ್ಲ ಚೀಲಕ್ಕಿಳಿದಿತ್ತು.

ಐದು ತಿಂಗಳ ಕೂಸು, ಹೆಸರು ಎಲ್ದಿಯಾರ್.
ಮೂರು ದಿನದ ಜ್ವರ. ಕೆಮ್ಮಿಲ್ಲ, ಕಿವಿ ಸೋರುತ್ತಿಲ್ಲ.
ಬೆಂಕಿ ಎಲ್ಲಿ ಅಡಗಿದೆಯೆಂದು
ಇನ್ನು ಹೇಳಬೇಕಾದದ್ದು ಅವನ ಉಚ್ಚೆಯೇ.

ನಾರಿನ್ ಊರಿನಲ್ಲಿ ಇವತ್ತು ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ವಾರ್ಡಿನಲ್ಲಿ ಹೀಟರ್ ಒಂದು, ಮಂಚ ಆರು.
ಎಲ್ಲ ಅಮ್ಮಂದಿರಿಗೂ ನನ್ನ ಪಾಠ ಒಂದೇ:
ಮೊದಲು ಹಾಲು. ಆಮೇಲೆ ಬೆಚ್ಚನೆ ನೀರು, ಹತ್ತಿ;
ಮುಂದಿನಿಂದ ಹಿಂದಕ್ಕೆ ಒಮ್ಮೆ ಒರೆಸು, ಬಿಸಾಡು, ಇನ್ನೊಂದು ತಗೋ.
ಮುಚ್ಚಳ ಅಂಗಾತ ಇಡು. ಬಟ್ಟಲಿನ ಒಳಮೈಗೆ
ಬೆರಳಿರಲಿ, ಉಸಿರೂ ತಾಗಬಾರದು.
ಮೊದಲ ಧಾರೆ ಬಿಡು, ಕೊನೆಯದೂ ಬೇಡ,
ನಡುವಿನದು ಎರಡು ಚಮಚ ಸಾಕು.

'ಇಷ್ಟಕ್ಕೆ ಇಷ್ಟೊಂದು ರಗಳೆಯೇ?' ಎಂದಳು ಅಜ್ಜಿ ಬುರುಲ್ಕಾನ್.
ಕಸೂತಿ ಚೀಲದಿಂದ ಕೊಳವೆಯೊಂದನ್ನು ತೆಗೆದಳು,
ಮರದ್ದು, ಬೆಣ್ಣೆ ಕುಡಿದು ಕುಡಿದು ಕಪ್ಪಾದದ್ದು.
ನಮ್ಮ ಕಡೆ ತೊಟ್ಟಿಲ ಜೊತೆಗೇ ಬರುತ್ತದಲ್ಲ, ಶುಮೋಕ್:
ಕಾಲಸಂದಿಗೆ ಸಿಕ್ಕಿಸಿದರೆ ಸಾಕು, ರಾತ್ರಿಯಿಡೀ
ತೊಟ್ಟಿಲ ತೂತಿನಿಂದ ಕುಡಿಕೆಗೆ ಇಳಿಯುತ್ತದೆ,
ಕೂಸು ಒದ್ದೆಯಾಗದೆ ನಿದ್ದೆ ಹೋಗುತ್ತದೆ.
'ಇದರಲ್ಲಿ ಹೊಯ್ದವರು ಹನ್ನೊಂದು ಮಂದಿ.
ಅವರಲ್ಲಿ ಒಬ್ಬ ಈಗ ನ್ಯಾಯಾಧೀಶ.'

ನಾನೂ ಅಂಥದ್ದರಲ್ಲೇ ಹೊಯ್ದು ಬೆಳೆದವಳು.
ಆದರೂ ಅಜ್ಜಿ, ಆ ಹನ್ನೊಂದು ಮಂದಿಯೂ
ಮರದೊಳಗೆ ಕೂತಿದ್ದಾರೆ, ನ್ಯಾಯಾಧೀಶರ ಸಮೇತ.
ನನಗೆ ಬೇಕಾದದ್ದು ಇವನೊಬ್ಬನದು, ಇವತ್ತಿನದು,
ಗಾಳಿಯ ಹೊರತು ಏನನ್ನೂ ಮುಟ್ಟದೆ ಬಿದ್ದದ್ದು.

ಅಜ್ಜಿ ಕೊಳವೆ ಒರೆಸಿ ಒಳಗಿಟ್ಟಳು. ಮುನಿಸು.

ಜಜ್ಗುಲ್ ಮಗನ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಳು.
ಎರಡು ಬೆರಳಲ್ಲಿ ನಾನು ಕಿಬ್ಬೊಟ್ಟೆ ತಟ್ಟಿದೆ,
ಸಾಲ ಕೇಳಲು ಬಂದವರು ಬಾಗಿಲು ತಟ್ಟುವ ಹಾಗೆ.
ಸೊಂಟದ ಹಿಂದೆ ಹೆಬ್ಬೆರಳಿಂದ ಸುತ್ತ ಸುತ್ತ ಸವರಿದೆ.
ಐದು ನಿಮಿಷ. ಹತ್ತು. ಮೊಣಕಾಲು ಜೋಮು ಹಿಡಿಯಿತು.
ಅವನು ನನ್ನ ಟೋಪಿ ನೋಡಿ ನಕ್ಕ.
ಅವನಮ್ಮ ಮಾತ್ರ ತಲೆ ತಗ್ಗಿಸಿ ಕೇಳಿದಳು,
'ನನ್ನ ಹಾಲಿನದೇ ಏನಾದರೂ ದೋಷವೇ?'
ಅಲ್ಲ ಎಂದೆ. ಮತ್ತೆ ಬಟ್ಟಲು ಹಿಡಿದು ಕೂತೆ.
ದೇವರ ಮುಂದೂ ಇಷ್ಟು ಹೊತ್ತು ಕೈಯೊಡ್ಡಿದವಳಲ್ಲ ನಾನು.

ಆಗ ಬಾಗಿಲಾಚೆಯಿಂದ ಒಂದು ಸಿಳ್ಳೆ.
ಹೆಂಗಸರ ವಾರ್ಡಿಗೆ ಕಾಲಿಡಲು ನಾಚಿ
ಕಾರಿಡಾರಿನಲ್ಲೇ ನಿಂತಿದ್ದ ಅಜ್ಜ,
ನಲವತ್ತು ವರ್ಷ ಕುದುರೆ ಕಾಯ್ದವನು.
ಉದ್ದನೆಯ, ಇಳಿಜಾರಿನಂಥ ಸಿಳ್ಳೆ;
ದೂರದ ದಾರಿಯ ನಡುವೆ ಕುದುರೆ ನಿಲ್ಲಿಸಿ
ಹೊಯ್ಯಿ ಮಾರಾಯ, ಅವಸರವಿಲ್ಲ ಎಂದು ಊದುವಂಥದ್ದು.
ಆರು ಮಂಚವೂ ಗಪ್‌ಚಿಪ್.
ಎಲ್ದಿಯಾರನ ಕಣ್ಣು ಎಲ್ಲೋ ನಟ್ಟವು,
ಮೈ ಸಣ್ಣಗೆ ನಡುಗಿತು

ಬಂತು!
ಮೊದಲನೆಯದು ನನ್ನ ತೋಳಿಗೆ. ಇರಲಿ, ಬಿಡಬೇಕಾದದ್ದೇ ಅದು.
ಆಮೇಲಿನದಕ್ಕೆ ಬಟ್ಟಲು ಚಾಚಿದೆ,
ಪ್ಲಾಸ್ಟಿಕ್ಕಿನ ತಳದಲ್ಲಿ ಪಟಪಟ ಸದ್ದು.
ಉಳಿದದ್ದು ಅಜ್ಜಿಯ ಕಸೂತಿ ಚೀಲದ ಮೇಲೆ.
ಪಕ್ಕದ ಮಂಚದ ಹೆಂಗಸು ಚಪ್ಪಾಳೆ ತಟ್ಟಿದಳು.
'ಕುದುರೆಯೇ ಸರಿ,' ಎಂದಳು ಅಜ್ಜಿ, ಬಾಗಿಲ ಕಡೆ ತಿರುಗಿ,
'ಥೇಟ್ ಅಜ್ಜನೇ.'

ಲ್ಯಾಬು ಅಂಗಳದಾಚೆ. ಮುಚ್ಚಳ ಬಿಗಿದು
ಕೋಟಿನೊಳಗೆ ಇಟ್ಟುಕೊಂಡು ಹಿಮದಲ್ಲಿ ನಡೆದೆ.
ಆಗತಾನೇ ಇಟ್ಟ ಮೊಟ್ಟೆಯ ಬಿಸಿ ಎದೆಗೆ.
ಏನಿದೆಯೋ ಒಳಗೆ. ಏನೂ ಇಲ್ಲದಿರಲಿ.
ಇದ್ದರೆ ಒಂದೇ ಇರಲಿ, ಹೆಸರಿರುವಂಥದ್ದು,
ನಮ್ಮ ಕಪಾಟಿನಲ್ಲಿ ಮದ್ದಿರುವಂಥದ್ದು.

ತೆಮಿರ್‌ಬೆಕ್ ಕಿಟಕಿಯಿಂದ ಕೈ ಚಾಚಿ
ಬೆಳಕಿಗೆ ಹಿಡಿದು ನೋಡಿದ:
'ಹೆಸರಿಲ್ಲ, ಹೊತ್ತಿಲ್ಲ. ಯಾರದ್ದಮ್ಮ ಇದು?'
ಪೆನ್ನಿನ ಮಸಿ ಚಳಿಗೆ ಹೆಪ್ಪುಗಟ್ಟಿತ್ತು.
ಅಂಗೈಯಲ್ಲಿ ಉಜ್ಜಿ ಉಜ್ಜಿ ಬರೆಯಹೊರಟರೆ
ಕೈ ಮಡಚಲೊಲ್ಲದು:
ಒದ್ದೆ ತೋಳು ಅಷ್ಟರಲ್ಲಿ
ತಗಡಿನ ಹಾಗೆ ಸೆಟೆದಿತ್ತು.